ಚದರಡಿ ಕುಗ್ಗುತ್ತದೆ, ತುಂಡು ಕುಗ್ಗುವುದಿಲ್ಲ

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ಒಂದು ಕಪಾಟಿನ ಅಳತೆ ಇದು: ಎತ್ತರ 255 ಸೆಂ.ಮೀ., ಅಗಲ 190, ಆಳ 78. ಹೊರಮೈಗೆ ಆಮೆಚಿಪ್ಪು ಮತ್ತು ತವರದ ಕುಸುರಿ. ಬಾಗಿಲು ತೆರೆದರೆ ಒಳಗೆ ಬಟ್ಟೆಬರೆ ಇಲ್ಲ, ಮೂರು ಅಂತಸ್ತಿನ ಒಂಬತ್ತು ಕೋಣೆಯ ಮನೆಯಿದೆ. ರೇಷ್ಮೆ ವ್ಯಾಪಾರಿಯೊಬ್ಬನ ಹೆಂಡತಿ ಪೆಟ್ರೊನೆಲ್ಲಾ ಊರ್ಟ್‌ಮನ್ ಇದನ್ನು ಸುಮಾರು 1686ರಿಂದ 1710ರವರೆಗೆ ಮಾಡಿಸುತ್ತಲೇ ಇದ್ದಳು. ತಗುಲಿದ ವೆಚ್ಚ 20,000ರಿಂದ 30,000 ಗಿಲ್ಡರ್ ಎಂದು ಅಂದಾಜು. ಅಷ್ಟು ದುಡ್ಡಿಗೆ ಆಗ ಅದೇ ಊರಿನ ಕಾಲುವೆ ದಂಡೆಯಲ್ಲಿ ನಿಜವಾದ ಮನೆಯೇ ಸಿಗುತ್ತಿತ್ತು.

ಗೊಂಬೆಮನೆಯ ಮಾತು ಬಂದಾಗ ಇದನ್ನು ಶ್ರೀಮಂತರ ಹುಚ್ಚಿಗೆ ಉದಾಹರಣೆಯಾಗಿ ಹೇಳುವುದುಂಟು. ಲೆಕ್ಕ ಹಾಕಿ ನೋಡಿದರೆ ಹುಚ್ಚಿಗಿಂತ ಕೂಲಿಯೇ ಹೆಚ್ಚು ಕಾಣುತ್ತದೆ. ಕಪಾಟಿನ ಹೊರ ಅಳತೆಯನ್ನೇ ಹಿಡಿದು ಮೂರು ಅಂತಸ್ತಿನ ನೆಲ ಕೂಡಿಸಿದರೆ 4.45 ಚದರ ಮೀಟರ್, ಅಂದರೆ 48 ಚದರಡಿ. ಕಡಿಮೆ ಅಂದಾಜನ್ನೇ ತೆಗೆದುಕೊಂಡರೂ ಚದರಡಿಗೆ 417 ಗಿಲ್ಡರ್ ಬೀಳುತ್ತದೆ. ಆ ಕಾಲದ ನುರಿತ ಕುಶಲಕರ್ಮಿಯ ವರ್ಷದ ಸಂಪಾದನೆ ಸುಮಾರು 300 ಗಿಲ್ಡರ್. ಹಾಗಾಗಿ ಒಂದೊಂದು ಚದರಡಿಯ ಮೇಲೂ ಒಬ್ಬ ಕೆಲಸಗಾರನ ಹೆಚ್ಚುಕಡಿಮೆ ಒಂದು ವರ್ಷ ಐದು ತಿಂಗಳ ದುಡಿಮೆಯ ಬೆಲೆ ಕೂತಿದೆ. ಇದರಲ್ಲಿ ಬೆಳ್ಳಿ, ಪಿಂಗಾಣಿ, ಹೆಣೆದ ಬುಟ್ಟಿ, ಗೋಡೆಯ ಮೇಲಿನ ಚಿತ್ರ ಎಲ್ಲವೂ ಸೇರಿದೆ ನಿಜ. ಆದರೂ ಕಚ್ಚಾ ವಸ್ತುವಿನ ಪಾಲು ಇದರಲ್ಲಿ ಎಷ್ಟಿರಲು ಸಾಧ್ಯ?

ಈ ಪ್ರಶ್ನೆಗೆ ನಮ್ಮ ಕಾಲದ ಉತ್ತರ ಬೇಕೆಂದರೆ ಒಂದು ಕಪಾಟನ್ನು ಎದುರಿಗಿಟ್ಟುಕೊಂಡು ನೆಲಕ್ಕೆಷ್ಟು, ಗೋಡೆಗೆಷ್ಟು ಎಂದು ಲೆಕ್ಕ ಬರೆಯಬೇಕು. ಕುರ್ಚಿ, ಮೇಜು, ದೀಪ ಯಾವುದನ್ನೂ ಸೇರಿಸದೆ, ಬರೀ ನೆಲ ಮತ್ತು ಗೋಡೆಕಾಗದ. ಎರಡೂ ಕೈಯಲ್ಲಿ ಮಾಡಿದ್ದು.

ಅಡಿಗೆ ಒಂದಂಗುಲ

ಗೊಂಬೆಮನೆ ಮಾಡುವವರ ನಡುವೆ ಇಂದು ಹೆಚ್ಚು ಚಾಲ್ತಿಯಲ್ಲಿರುವ ಅಳತೆ 1:12. ನಿಜದ ಒಂದಡಿ ಇಲ್ಲಿ ಒಂದಂಗುಲ. ಬ್ರಿಟನ್ನಿನ ವಿಂಡ್ಸರ್ ಅರಮನೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆ ಈ ಅಳತೆಯದು. ಚಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿರುವ 68 ಪುಟಾಣಿ ಥಾರ್ನ್ ಕೋಣೆಗಳೂ ಇದೇ ಅಳತೆಯವು. ಊರ್ಟ್‌ಮನ್ ಕಪಾಟು ಸ್ವಲ್ಪ ದೊಡ್ಡದು, ಹೆಚ್ಚುಕಡಿಮೆ 1:9.

ನಮ್ಮ ಕಡೆಯ ಹಳೇ ಮನೆಗಳ ಷೋಕೇಸಿಗೂ ಈ ಅಳತೆಗೂ ಚೆನ್ನಾಗಿ ಹೊಂದುತ್ತದೆ. ಟಿ.ವಿ. ಪಕ್ಕದಲ್ಲಿ ನಿಲ್ಲುತ್ತಿದ್ದ, ಬಹುಮಾನದ ಕಪ್ಪು, ಚನ್ನಪಟ್ಟಣದ ಗೊಂಬೆ, ಯಾರೋ ತಿರುಪತಿಯಿಂದ ತಂದ ಫೋಟೊ ತುಂಬಿರುತ್ತಿದ್ದ ಗಾಜಿನ ಬಾಗಿಲಿನ ಷೋಕೇಸ್. ಬಡಗಿಗಳು ಅದರ ಆಳವನ್ನು ಸಾಮಾನ್ಯವಾಗಿ ಒಂದಡಿ ಇಡುತ್ತಿದ್ದರು. ಒಂದಡಿ ಆಳ ಎಂದರೆ 1:12ರಲ್ಲಿ ಹನ್ನೆರಡಡಿ ಆಳದ ಕೋಣೆ. ಹೊಸದಾಗಿ ಪೆಟ್ಟಿಗೆ ಮಾಡಿಸುವ ಖರ್ಚಿಲ್ಲ, ಗಾಜೂ ಇದೆ, ದೂಳೂ ಬೀಳದು. ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಇಂಥದೊಂದು ಕಪಾಟು ಅಟ್ಟದ ಮೇಲೋ ಮೂಲೆಯಲ್ಲೋ ಇದ್ದೇ ಇರುತ್ತದೆ.

ಲೆಕ್ಕಕ್ಕೆ ಇಟ್ಟುಕೊಂಡ ಕಪಾಟು ಹೀಗಿದೆ. ಎರಡು ಅಂತಸ್ತು, ನಡುವೆ ಒಂದು ಹಲಗೆ ನಿಲ್ಲಿಸಿ ನಾಲ್ಕು ಕೋಣೆ. ಪ್ರತಿ ಕೋಣೆ 36 ಸೆಂ.ಮೀ. ಅಗಲ, 30 ಆಳ, 25 ಎತ್ತರ. ನಿಜದ ಅಳತೆಗೆ ಹಿಗ್ಗಿಸಿದರೆ 14 ಅಡಿ 2 ಅಂಗುಲ, 11 ಅಡಿ 10 ಅಂಗುಲ, 9 ಅಡಿ 10 ಅಂಗುಲ. ಮಧ್ಯಮವರ್ಗದ ಮನೆಯ ದೊಡ್ಡ ಹಾಲು ಎನ್ನಬಹುದು, 167 ಚದರಡಿ.

ಕೋಣೆಯೊಂದರ ನೆಲ 1,080 ಚದರ ಸೆಂ.ಮೀ., ಅಂದರೆ 1.16 ಚದರಡಿ. ಮುಂದುಗಡೆ ಗಾಜಿರುವುದರಿಂದ ಗೋಡೆ ಮೂರೇ: ಹಿಂದಿನದು 900, ಎರಡು ಪಕ್ಕದವು ತಲಾ 750, ಒಟ್ಟು 2,400 ಚದರ ಸೆಂ.ಮೀ. ನಾಲ್ಕೂ ಕೋಣೆ ಸೇರಿ ನೆಲ 4.65 ಚದರಡಿ, ಗೋಡೆ 10.33 ಚದರಡಿ. ಸುಮಾರು 15 ಚದರಡಿಯ ಕೆಲಸ. ನಿಜದ ಮನೆಯಲ್ಲಿ ಇದು 2,160 ಚದರಡಿ ಆಗುತ್ತಿತ್ತು.

ಅಳತೆ 12 ಪಟ್ಟು ಕುಗ್ಗಿದಾಗ ವಿಸ್ತೀರ್ಣ 144 ಪಟ್ಟು ಕುಗ್ಗುತ್ತದೆ, ಘನಗಾತ್ರ 1,728 ಪಟ್ಟು. ಹಲಗೆಯ ನೆಲಕ್ಕೆ ಬೇಕಾದ ಮರವನ್ನೇ ನೋಡಿ. 167 ಚದರಡಿಗೆ 24 ಮಿ.ಮೀ. ದಪ್ಪದ ಹಲಗೆ ಹಾಸಲು 13.2 ಘನ ಅಡಿ ಮರ ಬೇಕು. ಸಾಗುವಾನಿ ಘನ ಅಡಿಗೆ 4,000 ರೂಪಾಯಿ ಎಂದು ಹಿಡಿದರೆ 52,800 ರೂಪಾಯಿ. ಅದನ್ನು 1,728ರಿಂದ ಭಾಗಿಸಿ: 30 ರೂಪಾಯಿ 50 ಪೈಸೆ. ಮರದ ಪ್ರಮಾಣ 216 ಘನ ಸೆಂ.ಮೀ., ಒಂದು ಲೋಟ ಕಾಫಿಯಷ್ಟು. ಹವ್ಯಾಸಕ್ಕೆ ಕೈಹಾಕುವವರು ಮೊದಲು ಮಾಡುವ ಲೆಕ್ಕ ಇದೇ, ಖುಷಿಯಾಗುವುದೂ ಇದರಿಂದಲೇ.

ಹಲಗೆಗಳ ಸಂಖ್ಯೆ ಎಷ್ಟು ಪಟ್ಟು ಕುಗ್ಗಿತು? ಒಂದೂ ಇಲ್ಲ. ದೊಡ್ಡ ಹಾಲಿಗೆ ನೂರು ಹಲಗೆ ಬೇಕಿದ್ದರೆ ಗೊಂಬೆಯ ಹಾಲಿಗೂ ನೂರೇ ಹಲಗೆ. ಕತ್ತರಿಸುವುದು ನೂರು ಸಲ, ಅಂಟಿಸುವುದು ನೂರು ಸಲ. ಈ ಕೆಲಸದ ಅರ್ಥಶಾಸ್ತ್ರ ಇಷ್ಟೇ. ಮುಂದಿನ ಅಂಕಿಗಳೆಲ್ಲ ಇದರ ಬಾಲ ಹಿಡಿದೇ ಬರುತ್ತವೆ.

ನಾಲ್ಕು ನೆಲ

ಬೆಲೆಗಳು ಬೆಂಗಳೂರಿನ ಸ್ಟೇಷನರಿ, ಹಾರ್ಡ್‌ವೇರ್ ಅಂಗಡಿಗಳ ಅಂದಾಜು ಚಿಲ್ಲರೆ ದರ. ಹತ್ತಿಪ್ಪತ್ತು ರೂಪಾಯಿ ಆಚೀಚೆ ಇಟ್ಟುಕೊಳ್ಳಿ.

ಮೊದಲ ಕೋಣೆಗೆ ಹಲಗೆಯ ನೆಲ. ಇದಕ್ಕೆ ಐಸ್‌ಕ್ರೀಂ ಕಡ್ಡಿಯಷ್ಟು ಹೊಂದುವ ವಸ್ತು ಬೇರೆ ಇಲ್ಲ. ಸಾಮಾನ್ಯ ಕಡ್ಡಿ 114 ಮಿ.ಮೀ. ಉದ್ದ, 10 ಅಗಲ, 2 ದಪ್ಪ. ಹನ್ನೆರಡರಿಂದ ಗುಣಿಸಿದರೆ 12 ಸೆಂ.ಮೀ. ಅಗಲದ, 24 ಮಿ.ಮೀ. ದಪ್ಪದ ಹಲಗೆ. ಯಾರೋ ಗೊಂಬೆಮನೆಗೆಂದೇ ಮಾಡಿದಂತಿದೆ. ಎರಡು ತುದಿಯ ದುಂಡು ಭಾಗ ಕತ್ತರಿಸಿದರೆ 10 ಸೆಂ.ಮೀ. ಉಳಿಯುತ್ತದೆ, ಕಡ್ಡಿಗೆ 10 ಚದರ ಸೆಂ.ಮೀ. ನೆಲ ಮುಚ್ಚುತ್ತದೆ. 1,080ಕ್ಕೆ 108 ಕಡ್ಡಿ, ಡೊಂಕಾದವು, ಕಲೆಯಿರುವವು, ಅಂಚಿಗೆ ಕತ್ತರಿಸಿ ಹಾಳಾಗುವವು ಎಂದು ಹತ್ತಕ್ಕೆ ಒಂದರಂತೆ ಸೇರಿಸಿ 120. ನೂರರ ಕಟ್ಟಿಗೆ 70 ರೂಪಾಯಿಯಂತೆ ಎರಡು ಕಟ್ಟು, 140 ರೂಪಾಯಿ. ಉಳಿಯುವ 80 ಕಡ್ಡಿ ವ್ಯರ್ಥವಲ್ಲ. ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಬೇಕಲ್ಲ. ಕೋಣೆಗೆ 96 ಸೆಂ.ಮೀ.ನಂತೆ ನಾಲ್ಕು ಕೋಣೆಗೆ 384 ಸೆಂ.ಮೀ., ಅಂದರೆ 39 ಕಡ್ಡಿ. ಅದು ಇದರಲ್ಲೇ ಬರುತ್ತದೆ. ಹಲಗೆಗೂ ಗೋಡೆಗೂ ನಡುವೆ ಸುತ್ತಲೂ ಒಂದು ಮಿ.ಮೀ. ಬಿಡಬೇಕು, ಮಳೆಗಾಲದಲ್ಲಿ ಕಡ್ಡಿ ಉಬ್ಬುತ್ತದೆ. ಆ ಸಂದನ್ನು ಸ್ಕರ್ಟಿಂಗ್ ಮುಚ್ಚಿಕೊಳ್ಳುತ್ತದೆ.

ಎರಡನೆಯದು ಹಳೇ ಮೈಸೂರು, ಬೆಂಗಳೂರು ಮನೆಗಳ ಜಗಲಿ, ನಡುಮನೆ ನೆನಪಿಸುವ ರೆಡ್ ಆಕ್ಸೈಡ್ ನೆಲ. ಇದರಲ್ಲಿ ತುಂಡೇ ಇಲ್ಲ, ಹಾಗಾಗಿ ಲೆಕ್ಕವೂ ಸುಲಭ. ಎರಡು ಮಿ.ಮೀ. ದಪ್ಪಕ್ಕೆ 216 ಘನ ಸೆಂ.ಮೀ. ಗಾರೆ. ಗೋಡೆಗೆ ಹಚ್ಚುವ ಪುಟ್ಟಿಯ ಪುಡಿ ಸುಮಾರು 300 ಗ್ರಾಂ, ಅದಕ್ಕೆ ರೆಡ್ ಆಕ್ಸೈಡ್ ಪುಡಿ 30 ಗ್ರಾಂ. ಒಂದೇ ಸಲ ಎರಡು ಮಿ.ಮೀ. ಎಳೆದರೆ ಒಣಗುವಾಗ ಬಿರುಕು ಬಿಡುತ್ತದೆ, ಒಂದೊಂದು ಮಿ.ಮೀ.ನಂತೆ ಎರಡು ಸಲ ಎಳೆಯಬೇಕು. ಒಣಗಿದ ಮೇಲೆ ನಯವಾದ ಉಪ್ಪು ಕಾಗದದಲ್ಲಿ ತಿಕ್ಕಿ, ಸುತ್ತ ಒಂದು ಸೆಂ.ಮೀ. ಅಗಲದ ಕಪ್ಪು ಪಟ್ಟಿ ಬಳಿದರೆ ಆಯಿತು. ಪಟ್ಟಿಯ ವಿಸ್ತೀರ್ಣ 128 ಚದರ ಸೆಂ.ಮೀ. ಪುಟ್ಟಿ ಒಂದು ಕಿಲೊ 50, ಪುಡಿ 30, ಒಟ್ಟು 80 ರೂಪಾಯಿ. ದುಡ್ಡು, ದುಡಿಮೆ ಎರಡನ್ನೂ ಕೂಡಿಸಿದರೆ ಎಲ್ಲ ನೆಲಗಳ ಪೈಕಿ ಅಗ್ಗದ್ದು ಇದೇ. ನನ್ನ ಕಣ್ಣಿಗೆ ಚೆಂದದ್ದೂ ಇದೇ, ಆದರೆ ಅದು ಲೆಕ್ಕದ ಮಾತಲ್ಲ.

ಮೂರನೆಯದು ಕಪ್ಪು ಬಿಳಿ ಚೌಕದ ನೆಲ. ಚೌಕ 2 ಸೆಂ.ಮೀ. ಇಟ್ಟರೆ ನಿಜದಲ್ಲಿ 24 ಸೆಂ.ಮೀ.; ಹಳೇ ಮನೆಗಳ ಹತ್ತಂಗುಲದ ಮೊಸಾಯಿಕ್ ಬಿಲ್ಲೆಗೆ ಹತ್ತಿರ. ಅಗಲಕ್ಕೆ 18, ಆಳಕ್ಕೆ 15, ಒಟ್ಟು 270 ಬಿಲ್ಲೆ. ಕಪ್ಪು 135, ಬಿಳಿ 135. ಒಂದು ಮಿ.ಮೀ. ದಪ್ಪದ ಎ4 ರಟ್ಟಿನಲ್ಲಿ ಅಗಲಕ್ಕೆ 10, ಉದ್ದಕ್ಕೆ 14 ಬಿಲ್ಲೆ ಬರುತ್ತವೆ, ಅಂದರೆ 140. ಬಣ್ಣಕ್ಕೊಂದು ಹಾಳೆ ಸಾಕು, ಐದೇ ಬಿಲ್ಲೆ ಹೆಚ್ಚುವರಿ. ಹಾಳೆಗೆ 20 ರೂಪಾಯಿ, ಒಟ್ಟು 40. ಮೇಲೆ ಎರಡು ಕೈ ಹೊಳಪಿನ ವಾರ್ನಿಶ್ ಬಿದ್ದರೆ ರಟ್ಟು ಎಂದು ಯಾರೂ ಹೇಳಲಾರರು.

ಈ 40 ರೂಪಾಯಿಯ ನೆಲದಲ್ಲಿ ಕಾಡುವುದು ಬೇರೆ ಅಂಕಿ. ಬ್ಲೇಡು ಒಂದೊಂದು ಬಿಲ್ಲೆಗೆ 0.2 ಮಿ.ಮೀ.ನಷ್ಟು ಆಚೆ ಹೋಯಿತು ಎನ್ನಿ. ಕಣ್ಣಿಗೆ ಕಾಣುವ ತಪ್ಪಲ್ಲ. ಹದಿನೆಂಟು ಬಿಲ್ಲೆ ಸಾಲಾಗಿ ಕೂತಾಗ 3.6 ಮಿ.ಮೀ. ಆಗುತ್ತದೆ, ಗೊಂಬೆಯ ಲೆಕ್ಕದಲ್ಲಿ 4.3 ಸೆಂ.ಮೀ. ಕೊನೆಯ ಸಾಲು ಗೋಡೆಯೊಳಗೆ ನುಗ್ಗಲು ನೋಡುತ್ತದೆ. ನಿಜದ ಮನೆಯ ಟೈಲ್ಸ್ ಕೆಲಸದವರು ನಾಲ್ಕು ಸೆಂ.ಮೀ. ತಪ್ಪಿದರೆ ಮೇಸ್ತ್ರಿ ಸುಮ್ಮನಿರುತ್ತಾನೆಯೇ? ಆದ್ದರಿಂದ ಬಿಲ್ಲೆ ಕೂರಿಸುವುದನ್ನು ಗಾಜಿನ ಕಡೆಯಿಂದ, ಅಗಲದ ನಡುವಿನಿಂದ ಶುರುಮಾಡಿ ಎರಡೂ ಪಕ್ಕಕ್ಕೆ ಹಂಚಿಕೊಂಡು ಹೋಗುವುದು. ತಪ್ಪು ಎರಡು ಬದಿಗೆ 1.8 ಮಿ.ಮೀ.ನಂತೆ ಒಡೆದು ಸ್ಕರ್ಟಿಂಗಿನ ಕೆಳಗೆ ಅಡಗುತ್ತದೆ. ಬಿಲ್ಲೆಗಳನ್ನು ಓರೆಯಾಗಿ ಕೂರಿಸುವ ಡಚ್ಚರ ಶೈಲಿ ಬೇಕೆಂದರೆ ಅಂಚಿಗೆಲ್ಲ ತ್ರಿಕೋನ ಕತ್ತರಿಸಬೇಕು, ಆಗ ಒಂದೊಂದೇ ಹಾಳೆ ಸಾಲದು.

ನಾಲ್ಕನೆಯದು ಹೆರಿಂಗ್‌ಬೋನ್, ಮೀನಿನ ಮುಳ್ಳಿನಂತೆ ಓರೆಗೆ ಓರೆ ಸೇರಿಸಿದ ಮರದ ನೆಲ. ತುಂಡು 30 ಮಿ.ಮೀ. ಉದ್ದ, 6 ಅಗಲ, ಅಂದರೆ 1.8 ಚದರ ಸೆಂ.ಮೀ. ಭಾಗಿಸಿದರೆ ಸರಿಯಾಗಿ 600. ಅಂಚಿನ ಕತ್ತರಿಕೆಗೆ ಹತ್ತು ಶೇಕಡ ಸೇರಿಸಿ 660. ಕಾಫಿ ಕಲಕುವ ಮರದ ಕಡ್ಡಿ ಆರು ಮಿ.ಮೀ. ಅಗಲದ್ದೇ ಸಿಗುತ್ತದೆ, ಉದ್ದ 14 ಸೆಂ.ಮೀ.; ತುದಿ ಬಿಟ್ಟು ನಾಲ್ಕು ತುಂಡು. 165 ಕಡ್ಡಿ ಬೇಕು. ನೂರರ ಕಟ್ಟು 80 ರೂಪಾಯಿಯಂತೆ ಎರಡು, 160 ರೂಪಾಯಿ. ಟಿಂಬರ್ ಯಾರ್ಡ್ ಕಡೆ ವಿನೀರ್ ಚೂರುಗಳನ್ನು ಕೇಳಿ ತಂದರೆ ಬಣ್ಣ ಇನ್ನೂ ಚೆನ್ನ, ಆದರೆ ಪಟ್ಟಿಯಾಗಿ ಸೀಳುವ ಕೆಲಸ ಮೈಮೇಲೆ ಬೀಳುತ್ತದೆ.

ಒಂದು ತುಂಡಿನ ಹಿಂದೆ ಎಷ್ಟು ಹೊತ್ತು? ಗುರುತಿಟ್ಟು ಕತ್ತರಿಸಲು 15 ಸೆಕೆಂಡ್, ಎರಡು ತುದಿಯ ನಾರು ತಿಕ್ಕಲು 15, ಅಂಟು ಸವರಿ ಪಕ್ಕದ ತುಂಡಿಗೆ ಒತ್ತಿ ಕೂರಿಸಲು 20, ಮೇಲೆದ್ದ ಅಂಟು ಒರೆಸಿ ಮುಂದಿನ ತುಂಡು ಎತ್ತಿಕೊಳ್ಳಲು 10. ತುಂಡಿಗೆ ಒಂದು ನಿಮಿಷ. 660 ತುಂಡಿಗೆ ಹನ್ನೊಂದು ಗಂಟೆ. ಗಂಟೆಗೆ 150 ರೂಪಾಯಿ ಕೂಲಿ ಹಿಡಿಯೋಣ. ಊರಿನಲ್ಲಿ ಬಡಗಿಯ ದಿನಗೂಲಿಗೆ ಹೋಲಿಸಿದರೆ ಹೆಚ್ಚೇನಲ್ಲ. ಕೂಲಿ 1,650, ಸಾಮಾನು 160, ಒಟ್ಟು 1,810 ರೂಪಾಯಿ. ನೆಲ 1.16 ಚದರಡಿ. ಚದರಡಿಗೆ 1,560 ರೂಪಾಯಿ ಬಿತ್ತು. ಮನುಷ್ಯರು ಓಡಾಡುವ ಮನೆಗೆ ಎಂಜಿನಿಯರ್ಡ್ ಮರದ ನೆಲ ಚದರಡಿಗೆ 300ರಿಂದ 600 ರೂಪಾಯಿಗೆ ಹಾಕಿಕೊಡುತ್ತಾರೆ. ಗೊಂಬೆ ಓಡಾಡದ ನೆಲ ಅದರ ಎರಡೂವರೆಯಿಂದ ಐದು ಪಟ್ಟು ದುಬಾರಿ. ಊರ್ಟ್‌ಮನ್ ಕಪಾಟಿನ 417 ಗಿಲ್ಡರ್ ಈಗ ಅಷ್ಟು ವಿಚಿತ್ರ ಎನಿಸುವುದಿಲ್ಲ.

ಗೋಡೆಯ ಲೆಕ್ಕ

ಗೋಡೆಕಾಗದದಲ್ಲಿ ಕಥೆ ಸ್ವಲ್ಪ ಬೇರೆ. ಅಂಗಡಿಯಲ್ಲಿ ಸಿಗುವ ವಾಲ್‌ಪೇಪರ್ ಸುರುಳಿ 53 ಸೆಂ.ಮೀ. ಅಗಲ, ಹತ್ತು ಮೀಟರ್ ಉದ್ದ, 57 ಚದರಡಿ. ನಮ್ಮ ನಾಲ್ಕೂ ಕೋಣೆಗೆ ಬೇಕಾದ್ದು ಅದರ ಶೇ. 18 ಮಾತ್ರ. ಅದಕ್ಕಿಂತ ಮುಖ್ಯ, ಅದರ ಹೂವು ನಮಗೆ ಹನ್ನೆರಡು ಪಟ್ಟು ದೊಡ್ಡದು. 53 ಸೆಂ.ಮೀ. ಅಗಲಕ್ಕೆ ಒಂದೇ ಹೂಬುಟ್ಟಿ ಇರುವ ವಿನ್ಯಾಸ ಗೊಂಬೆಮನೆಗೆ ಬರುವಾಗ 4.4 ಸೆಂ.ಮೀ. ಆಗಬೇಕು. ದೊಡ್ಡ ಹೂವಿನ ಕಾಗದ ಹಚ್ಚಿದ ಕೋಣೆ ಕೋಣೆಯಾಗಿ ಕಾಣುವುದಿಲ್ಲ, ಉಡುಗೊರೆ ಡಬ್ಬಿಯಾಗಿ ಕಾಣುತ್ತದೆ. ಅಂಗಡಿಯವರು ಹಳೆಯದಾಯಿತೆಂದು ಬಿಸಾಡುವ ಕ್ಯಾಟಲಾಗ್ ಪುಸ್ತಕದಲ್ಲಿ ಸಣ್ಣ ಗೆರೆ, ಚುಕ್ಕಿ, ಬಟ್ಟೆಯ ನೇಯ್ಗೆಯಂಥ ಪುಟಗಳಿದ್ದರೆ ಅವು ಸರಿಹೊಂದುತ್ತವೆ; ಒಂದು ಕೋಣೆಗೆ ಆ ದಾರಿ ಹಿಡಿಯಬಹುದು. ಅದರ ಬೆಲೆ ಅಂಗಡಿಯವರ ಜೊತೆಗಿನ ವಿಶ್ವಾಸ.

ಎ4 ಹಾಳೆಯೋ ಎ3 ಹಾಳೆಯೋ ಎಂಬುದನ್ನು ವಿಸ್ತೀರ್ಣ ನೋಡಿ ತೀರ್ಮಾನಿಸಬಾರದು. ಎ4ರ ವಿಸ್ತೀರ್ಣ 624 ಚದರ ಸೆಂ.ಮೀ.; 2,400ಕ್ಕೆ ನಾಲ್ಕು ಸಾಕು ಎನ್ನಿಸುತ್ತದೆ. ಆದರೆ 25 ಸೆಂ.ಮೀ. ಎತ್ತರಕ್ಕೆ ಹಾಳೆಯನ್ನು ಉದ್ದುದ್ದ ನಿಲ್ಲಿಸಬೇಕು, ಆಗ ಅಗಲಕ್ಕೆ 21 ಮಾತ್ರ. ಜೋಡಣೆ ಮೂಲೆಯಲ್ಲೇ ಬರಲಿ ಎಂದರೆ ಪ್ರತಿ ಗೋಡೆಗೂ ಎರಡು, ಒಟ್ಟು ಆರು ಹಾಳೆ, ಜೊತೆಗೆ ಗೋಡೆಯ ನಡುವೆ ಒಂದೊಂದು ಜೋಡಣೆಯ ಗೆರೆ. ಎ3 ಅಡ್ಡಕ್ಕೆ 42 ಸೆಂ.ಮೀ., ಎತ್ತರ 29.7. ಗೋಡೆಗೊಂದೇ ಹಾಳೆ, ನಡುವೆ ಗೆರೆಯಿಲ್ಲ, ಕೋಣೆಗೆ ಮೂರು. ನಾಲ್ಕು ಕೋಣೆಗೆ ಹನ್ನೆರಡು ಹಾಳೆ, 15 ರೂಪಾಯಿಯ ದಪ್ಪ ಡ್ರಾಯಿಂಗ್ ಕಾಗದದಲ್ಲಿ 180 ರೂಪಾಯಿ. ಕ್ಯಾಟಲಾಗ್ ಪುಟ ಸಿಕ್ಕರೆ ಮೂರು ಹಾಳೆ ಉಳಿದವು.

ಕೈಯಲ್ಲಿ ಮಾಡಿದ ಕಾಗದ ಎಂದರೆ ಅಚ್ಚೊತ್ತುವುದು. ಶಾಲಾ ಮಕ್ಕಳ ಹತ್ತು ರೂಪಾಯಿಯ ರಬ್ಬರಿನಲ್ಲಿ ಎರಡು ಸೆಂ.ಮೀ. ಚೌಕದ ಅಚ್ಚು ಕೊರೆಯಬಹುದು, ನಡುವೊಂದು ಹೂವು, ಮೂಲೆಗಳಲ್ಲಿ ಕಾಲು ಕಾಲು ಎಲೆ. ಹಿಂದಿನ ಗೋಡೆಗೆ ಅಡ್ಡಕ್ಕೆ 18, ಎತ್ತರಕ್ಕೆ ಹನ್ನೆರಡೂವರೆ. ಅರ್ಧವನ್ನು ಯಾರೂ ಒತ್ತಲಾರರು, ಹದಿಮೂರೇ ಒತ್ತಿ ಮೇಲಿನ ಅರ್ಧ ಕತ್ತರಿಸಬೇಕು. 234 ಅಚ್ಚು. ಪಕ್ಕದವು 195ರಂತೆ ಎರಡು. ಒಟ್ಟು 624. ಬಣ್ಣ ಮುಟ್ಟಿಸಿ ಒತ್ತಲು ಆರು ಸೆಕೆಂಡ್ ಎಂದರೆ ಒಂದು ಗಂಟೆ ಚಿಲ್ಲರೆ. ಅಚ್ಚು ನಾಲ್ಕು ಸೆಂ.ಮೀ. ಇದ್ದಿದ್ದರೆ 9 ಮತ್ತು 7ರ ಲೆಕ್ಕದಲ್ಲಿ 63, ಪಕ್ಕಕ್ಕೆ 8 ಮತ್ತು 7ರಂತೆ 56, 56; ಒಟ್ಟು 175ಕ್ಕೆ ಮುಗಿಯುತ್ತಿತ್ತು. ಅಚ್ಚಿನ ಅಳತೆ ಇಮ್ಮಡಿಯಾದರೆ ದುಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ನಾಲ್ಕು ಸೆಂ.ಮೀ. ಹೂವು ಗೊಂಬೆಯ ಗೋಡೆಯಲ್ಲಿ ಅರ್ಧ ಮೀಟರಿನ ಹೂವು. ಮದುವೆ ಛತ್ರಕ್ಕಾದರೆ ಸರಿ.

ರೆಡ್ ಆಕ್ಸೈಡ್ ನೆಲದ ಕೋಣೆಗೆ ಹೂವಿನ ಕಾಗದ ಒಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ಗೋಡೆಗೆ ಕಾಗದ ಹಚ್ಚುವ ಪದ್ಧತಿಯೇ ಇರಲಿಲ್ಲ, ಚಿತ್ರ ಬರೆಯುವ ಪದ್ಧತಿ ಇತ್ತು. ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರ ಅಂಥದ್ದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಿಂದ ಹೆಂಗಸರು ಎಳೆಯುವ ಗೆರೆಗಳು. ಇದನ್ನು 1:12ಕ್ಕೆ ಇಳಿಸುವಾಗ ಗೆರೆಯ ದಪ್ಪವೇ ತೊಡಕು. ನಿಜದ ಗೋಡೆಯ ಮೂರು ಮಿ.ಮೀ. ಗೆರೆ ಇಲ್ಲಿ ಕಾಲು ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ತೆಳುವಾದ ಬಿಳಿ ಜೆಲ್ ಪೆನ್ನಿನ ಗೆರೆ ಅರ್ಧ ಮಿ.ಮೀ. ಎಂದರೂ ಗೊಂಬೆಯ ಕಣ್ಣಿಗೆ ಆರು ಮಿ.ಮೀ., ಬೆರಳಲ್ಲಿ ಬಳಿದ ಹಾಗೆ. ತುದಿ ಸಣ್ಣಗೆ ಕತ್ತರಿಸಿದ ಕುಂಚದಲ್ಲಿ ತೆಳುವಾದ ಅಕ್ರಿಲಿಕ್ ಬಳಸಿದರೆ ಸ್ವಲ್ಪ ಹತ್ತಿರ ಹೋಗಬಹುದು. ನಾನಂತೂ ಪೆನ್ನಿಗೇ ರಾಜಿಯಾಗುತ್ತೇನೆ.

ಹಿಂದಿನ ಗೋಡೆಯ ನಡುವೆ 12 ಸೆಂ.ಮೀ. ಚೌಕದ ಚಿತ್ತಾರ, ಮೂರು ಮಿ.ಮೀ.ಗೊಂದು ಗೆರೆ. ಅಡ್ಡ 41, ಉದ್ದ 41. ಒಂದೊಂದೂ 12 ಸೆಂ.ಮೀ. ಒಟ್ಟು ಗೆರೆ 984 ಸೆಂ.ಮೀ. ಅಂಗೈಯಷ್ಟು ಜಾಗದಲ್ಲಿ ಹತ್ತು ಮೀಟರ್ ಗೆರೆ. ಸೆಕೆಂಡಿಗೊಂದು ಸೆಂ.ಮೀ. ಎಳೆದರೆ ಗೆರೆಗೆ ಹದಿನಾರೂವರೆ ನಿಮಿಷ. ಒಳಗಿನ ಎಳೆ, ನಡುವಿನ ಗಂಡು ಹೆಣ್ಣಿನ ಆಕೃತಿ ತುಂಬಲು ಉಳಿದದ್ದು, ಒಟ್ಟು ಎರಡು ಗಂಟೆ. ಪೆನ್ನಿಗೆ 60 ರೂಪಾಯಿ.

ಚೌಕದ ನೆಲದ ಕೋಣೆಗೆ ಹೆಚ್ಚೇನೂ ಬೇಡ, ತಿಳಿ ಹಸಿರು ಬಳಿದ ಸಾದಾ ಕಾಗದ. ನೆಲವೇ ಸಾಕಷ್ಟು ಮಾತಾಡುತ್ತದೆ.

ಅಂಟಿಸುವುದಕ್ಕೆ ಮರದ ಬಿಳಿ ಅಂಟಿಗಿಂತ ಮೈದಾ ಗಂಜಿ ಒಳ್ಳೆಯದು. ಪುಸ್ತಕ ಕಟ್ಟುವವರು ಮಾಡುವ ಹಾಗೆ ಚಿಟಿಕೆ ಮೈಲುತುತ್ತು ಹಾಕಿದರೆ ಹುಳು ತಿನ್ನುವುದಿಲ್ಲ. ಅದು ವಿಷ, ಅಡುಗೆಮನೆಯ ಪಾತ್ರೆಯಲ್ಲಿ ಕಲಸಬೇಡಿ. ಒದ್ದೆಯಾದ ಕಾಗದ ನಾರಿನ ಅಡ್ಡಕ್ಕೆ ಶೇ. 1ರಷ್ಟು ಹಿಗ್ಗುತ್ತದೆ. 36 ಸೆಂ.ಮೀ. ಗೋಡೆಗೆ ಅದು 3.6 ಮಿ.ಮೀ. ಗಂಜಿ ಹಚ್ಚಿದ ತಕ್ಷಣ ಅಂಟಿಸಿದರೆ ಗೋಡೆಯ ಮೇಲೆ ಹಿಗ್ಗಿ ಸುಕ್ಕಾಗುತ್ತದೆ. ಐದು ನಿಮಿಷ ನೆನೆಯಲು ಬಿಟ್ಟು, ಹಿಗ್ಗುವುದು ಮುಗಿದ ಮೇಲೆ ಏರಿಸಿ, ಮೂಲೆಯಲ್ಲಿ ಹೆಚ್ಚಾದ್ದನ್ನು ಕತ್ತರಿಸಬೇಕು.

ಕೂಡಿ ಕಳೆದು

ಈವರೆಗೆ ಬಂದ ಸಾಮಾನು: ನೆಲಕ್ಕೆ 140, 80, 40, 160, ಒಟ್ಟು 420 ರೂಪಾಯಿ. ಹನ್ನೆರಡು ಹಾಳೆ 180, ರಬ್ಬರು 10, ಪೆನ್ನು 60, ಅಕ್ರಿಲಿಕ್ ಬಣ್ಣ 150. ಅಂಟು ಎಷ್ಟು ಬೇಕು? ಚದರ ಮೀಟರಿಗೆ 200 ಗ್ರಾಂ ಹಿಡಿದರೆ ಕೋಣೆಯ ನೆಲಕ್ಕೆ 22 ಗ್ರಾಂ, ನೂರು ಗ್ರಾಂ ಡಬ್ಬಿ 50 ರೂಪಾಯಿಗೆ ಸಾಕು. ವಾರ್ನಿಶ್ ಎರಡು ಕೈಗೆ ಕೋಣೆಗೆ 22 ಮಿ.ಲೀ., ನಾಲ್ಕಕ್ಕೆ 86. ಸಿಗುವ ಚಿಕ್ಕ ಡಬ್ಬಿ 200 ಮಿ.ಲೀ.; 150 ರೂಪಾಯಿ ಕೊಟ್ಟು ಅರ್ಧಕ್ಕಿಂತ ಹೆಚ್ಚು ಕಪಾಟಿನ ಕೆಳಗೆ ಗಟ್ಟಿಯಾಗಲು ಇಡುವುದು. ಪುಟ್ಟಿಯೂ ಹಾಗೇ, ಕಿಲೊದಲ್ಲಿ 700 ಗ್ರಾಂ ಉಳಿಯಿತು. ಉಪ್ಪು ಕಾಗದ 45, ಬ್ಲೇಡು 60. ಎಲ್ಲ ಸೇರಿ 1,125 ರೂಪಾಯಿ.

ಸಾಮಾನಿನ ಪ್ಯಾಕೆಟ್ಟೂ ಕುಗ್ಗುವುದಿಲ್ಲ ಎನ್ನುವುದು ಇಲ್ಲಿ ಕಾಣುತ್ತದೆ. ಒಂದೇ ಕೋಣೆ ಮಾಡಿದರೂ ವಾರ್ನಿಶ್, ಬಣ್ಣ, ಬ್ಲೇಡು, ಉಪ್ಪು ಕಾಗದ, ಅಂಟು ಇಷ್ಟೇ ಕೊಳ್ಳಬೇಕು, 455 ರೂಪಾಯಿ. ನಾಲ್ಕು ಮಾಡಿದರೆ ಅದು ಕೋಣೆಗೆ 114ಕ್ಕೆ ಇಳಿಯುತ್ತದೆ. ಮಾಡುವುದಿದ್ದರೆ ನಾಲ್ಕು ಕೋಣೆಯನ್ನೇ ಮಾಡಿ.

ದುಡಿಮೆ: ಹಲಗೆ 120 ನಿಮಿಷ, ಸ್ಕರ್ಟಿಂಗ್ 40, ರೆಡ್ ಆಕ್ಸೈಡ್ 120 (ಒಣಗುವ ದಿನಗಳನ್ನು ಬಿಟ್ಟು), ಚೌಕ 270, ಹೆರಿಂಗ್‌ಬೋನ್ 660, ಅಚ್ಚು 62, ಚಿತ್ತಾರ 120, ಕಾಗದ ಅಂಟಿಸುವುದು 240. ಒಟ್ಟು 1,632 ನಿಮಿಷ, 27 ಗಂಟೆ 12 ನಿಮಿಷ. 150ರಂತೆ 4,080 ರೂಪಾಯಿ. ಸಾಮಾನು ಸೇರಿಸಿ 5,205. ನೂರು ರೂಪಾಯಿಯಲ್ಲಿ 78 ಕೂಲಿ. ಹೆರಿಂಗ್‌ಬೋನ್ ಒಂದೇ ಒಟ್ಟು ದುಡಿಮೆಯ ಶೇ. 40 ನುಂಗಿದೆ, ಸಾಮಾನಿನಲ್ಲಿ ಅದರ ಪಾಲು ಬರೀ ಶೇ. 14.

ಮನೆಯಲ್ಲಿ ಮಾಡುವವರು ಈ 4,080ನ್ನು ಖರ್ಚಿಗೆ ಬರೆಯುವುದಿಲ್ಲ. ಹಾಗೆ ಬರೆಯದವರಲ್ಲಿ ದೊಡ್ಡವರೂ ಇದ್ದಾರೆ. ರಾಣಿ ಮೇರಿಯ ಗೊಂಬೆಮನೆಯನ್ನು 1921ರಿಂದ 1924ರವರೆಗೆ ಎಡ್ವಿನ್ ಲುಟ್ಯೆನ್ಸ್ ಕಟ್ಟಿಸಿದ್ದು, ನವದೆಹಲಿಯನ್ನು ಕಟ್ಟುತ್ತಿದ್ದ ಅದೇ ಲುಟ್ಯೆನ್ಸ್. ಸುಮಾರು 1,500 ಕಲಾವಿದರು, ಕುಶಲಕರ್ಮಿಗಳು ಕೈಜೋಡಿಸಿದರು, ಬಹಳಷ್ಟು ಕೆಲಸ ಕಾಣಿಕೆಯಾಗಿ ಬಂತು. 1924ರಲ್ಲಿ ವೆಂಬ್ಲಿಯ ಪ್ರದರ್ಶನದಲ್ಲಿ 16 ಲಕ್ಷ ಜನ ನೋಡಿದರು. ಕೂಲಿ ಕೊಟ್ಟು ಮಾಡಿಸಿದ್ದರೆ ಎಷ್ಟಾಗುತ್ತಿತ್ತು ಎಂಬ ಪ್ರಶ್ನೆಯೇ ಏಳಲಿಲ್ಲ. ಸರ್ ನೆವಿಲ್ ವಿಲ್ಕಿನ್ಸನ್ 1907ರಿಂದ 1922ರವರೆಗೆ ಮಾಡಿಸಿದ ಟೈಟೇನಿಯಾಸ್ ಪ್ಯಾಲೇಸ್ ಎಂಬ ಗೊಂಬೆಮನೆಗೆ 1978ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 1,35,000 ಪೌಂಡ್ ಬಂತು. ಬರೆಯದೆ ಬಿಟ್ಟ ಕೂಲಿ ಯಾವತ್ತೋ ಒಂದು ದಿನ ಬೆಲೆಯ ಚೀಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ದುಡಿಮೆ ಇಳಿಸಲು ಅಡ್ಡದಾರಿ ಇಲ್ಲದಿಲ್ಲ. ಹೆರಿಂಗ್‌ಬೋನ್ ನೆಲದ ಚಿತ್ರವನ್ನು ಎ3 ಹಾಳೆಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಬಣ್ಣದಲ್ಲಿ ಮುದ್ರಿಸಿ ಹತ್ತು ನಿಮಿಷದಲ್ಲಿ ಅಂಟಿಸಬಹುದು. ಹನ್ನೊಂದು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ! ದೂರದಿಂದ ಫೋಟೊ ತೆಗೆಯುವುದಾದರೆ ಅದೇ ಸಾಕು. ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ: ಮರದ ತುಂಡುಗಳ ನಡುವೆ ಕೂದಲೆಳೆಯ ನೆರಳಿರುತ್ತದೆ, ಒಂದು ತುಂಡು ಹೊಳೆದರೆ ಪಕ್ಕದ್ದು ಮಂಕು, ತಲೆ ಓರೆ ಮಾಡಿದರೆ ಅದಲುಬದಲು. ಮುದ್ರಿಸಿದ ಹಾಳೆಯಲ್ಲಿ ಅದಿಲ್ಲ.

ನಡುವಿನ ದಾರಿ ಎರಡಿವೆ. ಹತ್ತು ಕಡ್ಡಿಗಳನ್ನು ಟೇಪು ಸುತ್ತಿ ಕಟ್ಟಿ ಸಣ್ಣ ಗರಗಸದಲ್ಲಿ ಒಟ್ಟಿಗೆ ಕತ್ತರಿಸಿದರೆ, 15 ಸೆಕೆಂಡಿನ ಕತ್ತರಿಕೆ ತುಂಡಿಗೆ ಮೂರಕ್ಕೆ ಇಳಿಯುತ್ತದೆ. ಒಂದು ತುಂಡಿಗೆ ಒಟ್ಟು 48 ಸೆಕೆಂಡ್. ಇನ್ನೊಂದು, ಜಮಖಾನೆ. ಕೋಣೆಯ ನಡುವೆ 20 ಸೆಂ.ಮೀ. ಉದ್ದ, 15 ಅಗಲದ ಜಮಖಾನೆ ಹಾಸುವುದಿದ್ದರೆ, ಸುತ್ತ ಒಂದು ಸೆಂ.ಮೀ. ಒಳಗೆ ಬಿಟ್ಟು 18ಕ್ಕೆ 13ರ ಜಾಗದಲ್ಲಿ ಮರದ ತುಂಡು ಕೂರಿಸುವ ಅಗತ್ಯವೇ ಇಲ್ಲ, ಅಷ್ಟೇ ದಪ್ಪದ ರಟ್ಟು ಇಟ್ಟರಾಯಿತು. 234 ಚದರ ಸೆಂ.ಮೀ., 130 ತುಂಡು ಉಳಿಯಿತು. ಎರಡನ್ನೂ ಪಾಲಿಸಿದರೆ 530 ತುಂಡು, 424 ನಿಮಿಷ. ಮೂರು ಮುಕ್ಕಾಲು ಗಂಟೆಗೂ ಹೆಚ್ಚು ಉಳಿತಾಯ, ಕೂಲಿಯಲ್ಲಿ 590 ರೂಪಾಯಿ. ಕಪಾಟಿನ ಒಟ್ಟು ಲೆಕ್ಕ 4,615ಕ್ಕೆ ಬರುತ್ತದೆ. ದುಡ್ಡು ಕೊಟ್ಟು ಮಾಡಿಸುವವರಿಗೆ ಹೇಳಬೇಕಾದ ದರ ಇದು, ಜಮಖಾನೆಯ ಖರ್ಚು ಬೇರೆ. ಕಡ್ಡಿಯ ಬಾಬ್ತಿನಲ್ಲಿ ಮಾತ್ರ ಒಂದು ರೂಪಾಯಿಯೂ ಉಳಿಯಲಿಲ್ಲ: 165ರ ಬದಲು 133 ಸಾಕಾದರೂ ಕೊಳ್ಳುವುದು ನೂರರ ಎರಡು ಕಟ್ಟನ್ನೇ.